ಹೊಸ ಡ್ರೈವರ್ ಹಾಕಿದ ಮೇಲೆ ಹಳೆಯ ಕನ್ನಡ ಹೆಸರುಗಳು ಕೆಟ್ಟವೇ?

ಪ್ರಶ್ನೆ: ಗಂಗಾವತಿ ಸಮೀಪ ನಮ್ಮದೊಂದು ರೈಸ್ ಮಿಲ್ ಇದೆ. ಭತ್ತದ ಗಾಡಿಗಳ ತೂಕ, ರೈತರ ಹೆಸರು, ಊರು, ಹಮಾಲಿ ಲೆಕ್ಕ ಇವನ್ನೆಲ್ಲ ಬರೆದಿಡಲು ನಮ್ಮ ಭಾವನವರು 2011ರಲ್ಲಿ ಪಿಎಚ್‌ಪಿ 5.3 ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯೂಎಲ್ 5.5 ಎಂಬ ಡೇಟಾಬೇಸ್ ಬಳಸಿ ಒಂದು ತಂತ್ರಾಂಶ ಮಾಡಿಕೊಟ್ಟಿದ್ದರು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸದ್ದು ಮಾಡತೊಡಗಿದ್ದರಿಂದ ಹೊಸದನ್ನು ತಂದು ಪಿಎಚ್‌ಪಿ 8.2, ಮೈಎಸ್‌ಕ್ಯೂಎಲ್ 8.0 ಹಾಕಿಸಿ, ಹಳೆಯ ಡೇಟಾವನ್ನು ಡಂಪ್ (ಇಡೀ ಡೇಟಾಬೇಸಿನ ನಕಲು ಫೈಲ್) ತೆಗೆದು ತುಂಬಿದೆವು. ಹಳೆಯ ಮೈಎಸ್‌ಕ್ಯೂಎಲ್ ಡ್ರೈವರ್ ಈಗ ಇಲ್ಲವೆಂದು ತಿಳಿದು ಕೋಡ್ ಅನ್ನು ಮೈಎಸ್‌ಕ್ಯೂಎಲ್‌ಐ ಡ್ರೈವರ್‌ಗೆ ನಾನೇ ಬದಲಿಸಿದೆ. ಅಂದಿನಿಂದ ಹಳೆಯ ಹೆಸರುಗಳೆಲ್ಲ ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ಎ, ಮೇಲಕ್ಕೆ ಬರೆದ ಸಣ್ಣ 2 ಮತ್ತು 3, ನಡುನಡುವೆ ಚುಕ್ಕೆ, ಹೀಗೆ ಕಸದಂತೆ ಕಾಣುತ್ತಿವೆ. ಈ 12 ದಿನಗಳಲ್ಲಿ ಹೊಸದಾಗಿ ನಮೂದಿಸಿದ ಹೆಸರುಗಳು ಸರಿಯಾಗಿವೆ. ತೂಕ, ಗಾಡಿ ನಂಬರುಗಳಿಗೂ ಏನೂ ಆಗಿಲ್ಲ. ಹಮಾಲರ ಕೂಲಿ ಪಟ್ಟಿ ತೆರೆದರೆ ಬಿಳಿ ಪುಟ ಬರುತ್ತದೆ, ಲಾರಿಯ ಮೊದಲ ತೂಕ ಸೇವ್ ಆಗುವುದಿಲ್ಲ, ಊರುವಾರು ಪಟ್ಟಿಯ ಕ್ರಮ ತಪ್ಪಿದೆ, ವೇ ಬ್ರಿಡ್ಜ್ ಇಂಡಿಕೇಟರ್‌ನಿಂದ ತೂಕ ಓದುವ ಸಣ್ಣ ಪ್ರೋಗ್ರಾಂ ಡೇಟಾಬೇಸಿಗೆ ಸಂಪರ್ಕವನ್ನೇ ಪಡೆಯುತ್ತಿಲ್ಲ. ಹೊಸ ಡ್ರೈವರಿನಲ್ಲೇ ದೋಷವಿದೆ, ಹಳೆಯದಕ್ಕೇ ಮರಳಿ ಎಂದು ಒಬ್ಬರು ಹೇಳುತ್ತಾರೆ. ಕನ್ನಡಕ್ಕೆ ಹಳೆಯ ಯುಟಿಎಫ್8 ಸಾಲುವುದಿಲ್ಲ, ಒಂದೇ ಆದೇಶದಲ್ಲಿ ಎಲ್ಲ ಟೇಬಲ್ಲುಗಳನ್ನೂ ಯುಟಿಎಫ್8ಎಂಬಿ4ಕ್ಕೆ ಬದಲಿಸಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಇನ್ನೊಂದು ಮಾತು, ಹಳೆಯ ಕಂಪ್ಯೂಟರಿನಲ್ಲಿಯೂ ಮೊದಲಿನಿಂದ ಕಾರಟಗಿ ಸರಿಯಾಗಿ ಬರುತ್ತಿತ್ತು, ಆದರೆ ಗಂಗಾವತಿ ಮಾತ್ರ "ಗಂಗಾವತ" ಎಂದಾಗಿ ಕೊನೆಗೊಂದು ಪ್ರಶ್ನೆ ಚಿಹ್ನೆಯ ಕಪ್ಪು ಗುರುತು ಬರುತ್ತಿತ್ತು. ಹದಿಮೂರು ವರ್ಷಗಳಿಗೂ ಮಿಕ್ಕಿದ ರೈತರ ಲೆಕ್ಕ ಇದರಲ್ಲಿದೆ. ಹೆಸರುಗಳು ಮತ್ತೆ ಸಿಗುತ್ತವೆಯೇ?

ಉತ್ತರ: ಬಹುಪಾಲು ಹೆಸರುಗಳು ಸಿಗುತ್ತವೆ, ಆದರೆ ಈ ಉತ್ತರವನ್ನು ಪೂರ್ತಿ ಓದುವವರೆಗೆ ಟೇಬಲ್ಲುಗಳ ಮೇಲೆ ಯಾವ ಆದೇಶವನ್ನೂ ನಡೆಸಬೇಡಿ, ಹಳೆಯ ಹಾರ್ಡ್ ಡಿಸ್ಕನ್ನು ಯಾರಿಗೂ ಕೊಡಬೇಡಿ, ಅಳಿಸಲೂ ಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಅಡತಿ ಅಂಗಡಿಗಳು, ಜಿನ್ನಿಂಗ್ ಮಿಲ್ಲುಗಳು ಮತ್ತು ರೈಸ್ ಮಿಲ್ಲುಗಳಲ್ಲಿ ಇಂಥ ಹಳೆಯ ತಂತ್ರಾಂಶಗಳನ್ನು ಹೊಸ ಯಂತ್ರಗಳಿಗೆ ಸಾಗಿಸುವುದೇ ನನ್ನ ಕೆಲಸವಾಗಿರುವುದರಿಂದ, ಡ್ರೈವರ್ ಬದಲಾದ ದಿನ ಹಾಳಾದ ಡೇಟಾಕ್ಕಿಂತ ಅದಾದ ವಾರದಲ್ಲಿ ಗಾಬರಿಯಿಂದ ಮಾಡಿದ ರಿಪೇರಿಯಲ್ಲಿ ಹಾಳಾದ ಡೇಟಾವನ್ನೇ ಹೆಚ್ಚು ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ನೀವು ಕೊನೆಗೆ, ಅಷ್ಟೇನೂ ಮಹತ್ವವಿಲ್ಲವೆಂಬಂತೆ ಬರೆದಿರುವ ಗಂಗಾವತಿಯ ಸಂಗತಿಯೇ ಇಡೀ ಸಮಸ್ಯೆಯ ಬೀಗದ ಕೈ. ಕನ್ನಡದ ಪ್ರತಿ ಅಕ್ಷರ, ಕಾಗುಣಿತದ ಚಿಹ್ನೆ, ಸೊನ್ನೆ, ವಿರಾಮ ಇವು ಯೂನಿಕೋಡಿನಲ್ಲಿ ಒಂದೊಂದು ಬಿಡಿ ಸಂಕೇತ, ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅವು ಒಂದೊಂದೂ 3 ಬೈಟು. "ಕಾರಟಗಿ" ಎಂಬುದು 6 ಸಂಕೇತಗಳು, ಅಂದರೆ 18 ಬೈಟು. "ಗಂಗಾವತಿ" 7 ಸಂಕೇತಗಳು, 21 ಬೈಟು. ನಿಮ್ಮ ಊರಿನ ಕಾಲಂನ ಅಗಲ 20 ಎಂದು ನಾನು ನೋಡದೆಯೇ ಹೇಳಬಲ್ಲೆ. ಅಗಲ 20 ಎಂದರೆ 20 ಸಂಕೇತಗಳಿಗೆ ಜಾಗವಿದೆ ಎಂದರ್ಥ, ಅದರಲ್ಲಿ ಏಳು ಸಂಕೇತಗಳ ಗಂಗಾವತಿ ಸುಲಭವಾಗಿ ಹಿಡಿಯಬೇಕಿತ್ತು. ಹಿಡಿಯದೆ ಕೊನೆಯ ಗುಡಿಸಿನ ಒಂದು ಬೈಟು ಉದುರಿತೆಂದರೆ, ಡೇಟಾಬೇಸು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಎಣಿಸುತ್ತಿತ್ತು ಎಂದಾಯಿತು. ಇದು ಹೊಸ ಡ್ರೈವರಿನ ಕೆಲಸವಲ್ಲ, 2011ರಿಂದಲೇ ನಡೆದು ಬಂದದ್ದು. ನಿಮ್ಮ ಪಟ್ಟಿಯಲ್ಲಿ "ಸಿಂಧನೂರು" ಇದ್ದರೆ ಅದು "ಸಿಂಧನೂ" ಎಂಬಲ್ಲಿಗೆ ತುಂಡಾಗಿರುತ್ತದೆ, ನೋಡಿ.

ನಡೆದದ್ದು ಇಷ್ಟು. ಪ್ರೋಗ್ರಾಂ ಮತ್ತು ಡೇಟಾಬೇಸಿನ ನಡುವೆ ಡ್ರೈವರ್ ಎಂಬುದು ದುಭಾಷಿಯಿದ್ದಂತೆ, ಸಂಪರ್ಕ ಆರಂಭವಾಗುವಾಗಲೇ ಯಾವ ಅಕ್ಷರಸಂಕೇತದಲ್ಲಿ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯಾವ ಪದ್ಧತಿಯಲ್ಲಿ, ಮಾತನಾಡುತ್ತೇನೆಂದು ಅದು ಡೇಟಾಬೇಸಿಗೆ ತಿಳಿಸುತ್ತದೆ. ಪ್ರೋಗ್ರಾಂ ಬರೆದವರು ಇದನ್ನು ಹೇಳದೆ ಬಿಟ್ಟರೆ ಪೂರ್ವನಿಯೋಜಿತ ಆಯ್ಕೆ ಜಾರಿಗೆ ಬರುತ್ತದೆ, ಮೈಎಸ್‌ಕ್ಯೂಎಲ್ 5.5ರ ಕಾಲದಲ್ಲಿ ಅದು ಯುರೋಪಿಯನ್ ಭಾಷೆಗಳಿಗೆಂದು ಮಾಡಿದ, ಒಂದು ಬೈಟಿಗೆ ಒಂದು ಅಕ್ಷರವೆಂದು ಎಣಿಸುವ ಲ್ಯಾಟಿನ್1 ಆಗಿತ್ತು. ನಿಮ್ಮ ವೆಬ್ ಪುಟ "ಕ" ಎಂಬ ಅಕ್ಷರವನ್ನು ಸರಿಯಾಗಿಯೇ ಇ0, ಬಿ2, 95 ಎಂಬ ಮೂರು ಬೈಟುಗಳಾಗಿ ಕಳಿಸಿತು. ಸಂಪರ್ಕವು ಲ್ಯಾಟಿನ್1 ಎಂದು ಹೇಳಿಕೊಂಡಿದ್ದರಿಂದ ಡೇಟಾಬೇಸು ಅವನ್ನು ಮೂರು ಯುರೋಪಿಯನ್ ಅಕ್ಷರಗಳೆಂದು ತಿಳಿಯಿತು. ಇ0 ಎಂದರೆ ಗೆರೆಯಿರುವ ಎ, ಬಿ2 ಎಂದರೆ ಮೇಲೆ ಬರೆದ 2, 95 ಎಂದರೆ ಚುಕ್ಕೆ. ಕಾಲಂ ಯುಟಿಎಫ್8 ಆಗಿದ್ದರಿಂದ ಆ ಮೂರನ್ನೂ ಮತ್ತೊಮ್ಮೆ ಯುಟಿಎಫ್8ಕ್ಕೆ ಪರಿವರ್ತಿಸಿ 7 ಬೈಟುಗಳಾಗಿ ಬರೆದಿಟ್ಟಿತು. ಓದುವಾಗ ಇದೇ ದಾರಿ ಹಿಂದುಮುಂದಾಗಿ ನಡೆದು 7 ಬೈಟುಗಳು ಮತ್ತೆ 3 ಬೈಟುಗಳಾಗಿ ಬ್ರೌಸರಿಗೆ ತಲುಪಿ "ಕ" ಎಂದೇ ಕಾಣಿಸಿತು. ಹೋಗುವಾಗಿನ ತಪ್ಪು ಮತ್ತು ಬರುವಾಗಿನ ತಪ್ಪು ಒಂದನ್ನೊಂದು ಹೊಡೆದುಹಾಕಿದ್ದರಿಂದ ಪರದೆಯ ಮೇಲೆ ಎಲ್ಲವೂ ಸರಿಯಿದ್ದಂತೆ ತೋರಿತು. ಕನ್ನಡದ ಬೈಟುಗಳು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3 ಎಂದು ಆರಂಭವಾಗುತ್ತವೆ, ನಿಮಗೆ ಕಸದಲ್ಲಿ ಸಣ್ಣ 2 ಮತ್ತು 3 ಮತ್ತೆ ಮತ್ತೆ ಕಾಣುತ್ತಿರುವುದು ಅದರಿಂದಲೇ. ಇಂಗ್ಲಿಷ್ ಅಕ್ಷರ, ಅಂಕಿಗಳು ಎರಡೂ ಸಂಕೇತಗಳಲ್ಲಿ ಒಂದೇ ಆಗಿರುವುದರಿಂದ ಗಾಡಿ ನಂಬರು ಮತ್ತು ತೂಕಕ್ಕೆ ಪೆಟ್ಟು ಬಿದ್ದಿಲ್ಲ.

ಮೈಎಸ್‌ಕ್ಯೂಎಲ್ 8.0ರಲ್ಲಿ ಪೂರ್ವನಿಯೋಜಿತ ಸಂಕೇತ ಲ್ಯಾಟಿನ್1ರಿಂದ ಯುಟಿಎಫ್8ಎಂಬಿ4ಕ್ಕೆ ಬದಲಾಯಿತು. ಪಿಎಚ್‌ಪಿಯ ಮೈಎಸ್‌ಕ್ಯೂಎಲ್‌ಐ ಡ್ರೈವರ್‌ಗೆ ಬೇರೇನೂ ಹೇಳದಿದ್ದರೆ ಸರ್ವರ್ ಸೂಚಿಸಿದ ಸಂಕೇತವನ್ನೇ ಅದು ಒಪ್ಪಿಕೊಳ್ಳುತ್ತದೆ. ಹೀಗಾಗಿ ಸಂಕೇತದ ಬಗ್ಗೆ ನೀವು ಒಂದಕ್ಷರವನ್ನೂ ಬರೆಯದೆಯೇ ಸಂಪರ್ಕದ ಭಾಷೆ ಬದಲಾಯಿತು, ಬರುವ ದಾರಿಯ ತಪ್ಪು ನಿಂತಿತು, ಟೇಬಲ್ಲಿನಲ್ಲಿ ನಿಜವಾಗಿ ಏನಿತ್ತೋ ಅದು ಹಾಗೆಯೇ ಕಾಣತೊಡಗಿತು. ಹೊಸ ಡ್ರೈವರ್ ನಿಮ್ಮ ಡೇಟಾವನ್ನು ಕೆಡಿಸಿಲ್ಲ, ಇದ್ದದ್ದನ್ನು ಇದ್ದಂತೆ ತೋರಿಸುತ್ತಿದೆ. ಡಂಪ್ ತೆಗೆದವರ ತಪ್ಪೂ ಇದಲ್ಲ, ಆ ಡಂಪ್ ಎರಡು ಬಾರಿ ಸುತ್ತಿದ ಪಠ್ಯವನ್ನು ನಿಷ್ಠೆಯಿಂದ ಹಾಗೆಯೇ ಸಾಗಿಸಿದೆ.

ಇದು ನಮ್ಮ ಭಾಗದ ತಂತ್ರಾಂಶಗಳಿಗೆ ಮಾತ್ರ ಬಂದ ಕಷ್ಟವಲ್ಲ ಎಂಬುದನ್ನೂ ಹೇಳಬೇಕು. ಪರ್ಲ್ ಭಾಷೆಯ ಮೈಎಸ್‌ಕ್ಯೂಎಲ್ ಡ್ರೈವರ್ ಬರೆಯುವವರು 2017ರಲ್ಲಿ ಯೂನಿಕೋಡ್ ನಿರ್ವಹಣೆಯ ಹಳೆಯ ದೋಷವೊಂದನ್ನು 4.042ನೇ ಆವೃತ್ತಿಯಲ್ಲಿ ತಿದ್ದಿದರು. ಆ ದೋಷಕ್ಕೆ ಹೊಂದಿಕೊಂಡು ವರ್ಷಗಟ್ಟಲೆ ನಡೆದಿದ್ದ ತಂತ್ರಾಂಶಗಳು ಮುರಿದುಬಿದ್ದವು, ಮುಂದಿನ 4.043ರಲ್ಲಿ ತಿದ್ದುಪಡಿಯನ್ನೇ ಹಿಂದಕ್ಕೆ ಪಡೆಯಬೇಕಾಯಿತು, ತಿದ್ದುಪಡಿ ಬೇಕೆಂದವರು ಮರಿಯಾಡಿಬಿ ಹೆಸರಿನಲ್ಲಿ ಬೇರೆಯೇ ಡ್ರೈವರ್ ಕಟ್ಟಿಕೊಂಡರು. ನಿಮ್ಮ ಭಾವನವರನ್ನೂ ನಾನು ದೂರುವುದಿಲ್ಲ. ಆ ಕಾಲದಲ್ಲಿ ಕಲಿಯಲು ಸಿಗುತ್ತಿದ್ದ ಉದಾಹರಣೆಗಳಲ್ಲಿ ಸಂಪರ್ಕದ ಸಂಕೇತವನ್ನು ಹೇಳುವ ಆ ಒಂದು ಸಾಲು ಬಹಳಷ್ಟು ಬಾರಿ ಇರುತ್ತಲೇ ಇರಲಿಲ್ಲ.

ಇನ್ನು ಕನ್ನಡಕ್ಕೆ ಹಳೆಯ ಯುಟಿಎಫ್8 ಸಾಲುವುದಿಲ್ಲ ಎಂಬ ಮಾತು. ಮೈಎಸ್‌ಕ್ಯೂಎಲ್‌ನ ಹಳೆಯ ಯುಟಿಎಫ್8 ಒಂದು ಸಂಕೇತಕ್ಕೆ 3 ಬೈಟಿಗಿಂತ ಹೆಚ್ಚು ಹಿಡಿಯದು ಎಂಬುದು ನಿಜ, ಕನ್ನಡದ ಸಂಕೇತಗಳೆಲ್ಲ 3 ಬೈಟಿನವೇ ಎಂಬುದೂ ನಿಜ. ಹಾಗಾಗಿ ಕನ್ನಡ ಬರೆಯಲು ಅದು ಸಾಕಾಗುತ್ತಿತ್ತು, ಸಾಲದೆ ಬರುವುದು ಎಮೋಜಿಯಂಥ 4 ಬೈಟಿನ ಸಂಕೇತಗಳಿಗೆ. ಮುಂದೆ ಯುಟಿಎಫ್8ಎಂಬಿ4 ಬಳಸಿ ಎಂದೇ ನಾನೂ ಹೇಳುತ್ತೇನೆ, ಏಕೆಂದರೆ ಹಳೆಯದನ್ನು ಕೈಬಿಡುವ ದಾರಿಯಲ್ಲಿ ಮೈಎಸ್‌ಕ್ಯೂಎಲ್ ಇದೆ. ಆದರೆ ಟೇಬಲ್ಲನ್ನು ಒಂದೇ ಆದೇಶದಲ್ಲಿ ಬದಲಿಸಿದರೆ ಹೆಸರು ಸರಿಹೋಗುವುದಿಲ್ಲ. ಆ ಆದೇಶ ಗೆರೆಯಿರುವ ಎ, ಸಣ್ಣ 2, ಚುಕ್ಕೆ ಇವೇ ನಿಮ್ಮ ರೈತನ ಹೆಸರೆಂದು ನಂಬಿ, ಅವನ್ನೇ ಹೊಸ ಸಂಕೇತದಲ್ಲಿ ಜೋಪಾನವಾಗಿ ಬರೆದಿಡುತ್ತದೆ.

ನಿಮ್ಮ ಸ್ಥಿತಿ ನಾನು ಹೇಳಿದ್ದೇ ಹೌದೇ ಎಂಬುದನ್ನು ಮೊದಲು ಕಣ್ಣಾರೆ ಖಚಿತಪಡಿಸಿಕೊಳ್ಳಿ. ಡೇಟಾಬೇಸಿನಲ್ಲಿ ಒಂದು ಮೌಲ್ಯದ ಬೈಟುಗಳನ್ನು ತೋರಿಸುವ ಹೆಕ್ಸ್ ಮತ್ತು ಸಂಕೇತಗಳನ್ನು ಎಣಿಸುವ ಕ್ಯಾರ್ ಲೆಂಗ್ತ್ ಎಂಬ ಎರಡು ಫಂಕ್ಷನ್‌ಗಳಿವೆ, ಇವು ಓದುತ್ತವೆಯೇ ಹೊರತು ಏನನ್ನೂ ಬದಲಿಸುವುದಿಲ್ಲ. ಊರಿನ ಕಾಲಂನಲ್ಲಿ ಹಳೆಯ ಕಾರಟಗಿ ಸಾಲೊಂದನ್ನು, ಈ 12 ದಿನಗಳ ಕಾರಟಗಿ ಸಾಲೊಂದನ್ನು ಆರಿಸಿ ಎರಡಕ್ಕೂ ಇವನ್ನು ನಡೆಸಿ. ಹೊಸ ಸಾಲಿನ ಎಣಿಕೆ 6 ಬಂದು ಬೈಟುಗಳು ಇ0 ಬಿ2 95 ಎಂದು ಆರಂಭವಾದರೆ, ಹಳೆಯ ಸಾಲಿನ ಎಣಿಕೆ 18 ಬಂದು ಬೈಟುಗಳು ಸಿ3 ಎ0 ಸಿ2 ಬಿ2 ಎಂದು ಆರಂಭವಾದರೆ, ಪಠ್ಯ ಎರಡು ಬಾರಿ ಸುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ.

ಬೇರೆ ಎರಡು ಸ್ಥಿತಿಗಳೂ ನಮ್ಮ ಭಾಗದಲ್ಲಿ ಸಿಗುತ್ತವೆ, ಅವಕ್ಕೆ ಔಷಧ ಬೇರೆ. ಕಾಲಂ ಸ್ವತಃ ಲ್ಯಾಟಿನ್1 ಆಗಿದ್ದರೆ ಬೈಟುಗಳು ಎರಡನೇ ಬಾರಿ ಸುತ್ತಿಕೊಂಡಿರುವುದಿಲ್ಲ, ಆಗ ಕಾಲಂ ಅನ್ನು ಮೊದಲು ಬೈನರಿ ಬಗೆಗೆ, ಅಲ್ಲಿಂದ ಯುಟಿಎಫ್8ಎಂಬಿ4ಕ್ಕೆ ಎರಡು ಹೆಜ್ಜೆಗಳಲ್ಲಿ ಬದಲಿಸಿದರೆ ಸಾಕು. ಹೆಕ್ಸ್‌ನಲ್ಲಿ ಇ0 ಬಿ2 ಆಗಲಿ ಸಿ3 ಎ0 ಸಿ2 ಬಿ2 ಆಗಲಿ ಕಾಣದೆ ಸಾಧಾರಣ ಇಂಗ್ಲಿಷ್ ಅಕ್ಷರಗಳ ಮತ್ತು ಗುರುತುಗಳಿರುವ ಯುರೋಪಿಯನ್ ಅಕ್ಷರಗಳ ಬೈಟುಗಳು ಬೆರೆತು ತುಂಬಿದ್ದರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ, ಯೂನಿಕೋಡ್ ಅಲ್ಲದ ಪಠ್ಯ. ಅದಕ್ಕೂ ಡ್ರೈವರಿಗೂ ಸಂಬಂಧವಿಲ್ಲ, ಫಾಂಟಿನಿಂದ ಯೂನಿಕೋಡಿಗೆ ತರುವ ಪರಿವರ್ತಕವೇ ಬೇಕು. ನಿಮ್ಮ ಗುರುತುಗಳನ್ನು ನೋಡಿದರೆ ಇವೆರಡೂ ಅಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಹಳೆಯ ಯಂತ್ರಕ್ಕೆ, ಹಳೆಯ ಡ್ರೈವರಿಗೆ ಮರಳುವುದು ಮೊದಲನೆಯದು. ಅದು ಕೆಲಸ ಮಾಡುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಡ್ರೈವರನ್ನು 2013ರ ಪಿಎಚ್‌ಪಿ 5.5ರಲ್ಲೇ ಬಳಕೆಗೆ ತಕ್ಕುದಲ್ಲವೆಂದು ಸಾರಿ, 2015ರ ಪಿಎಚ್‌ಪಿ 7.0ರಲ್ಲಿ ಕಿತ್ತುಹಾಕಿದರು, ಪಿಎಚ್‌ಪಿ 5.3ಕ್ಕೆ 2014ರಿಂದ, ಮೈಎಸ್‌ಕ್ಯೂಎಲ್ 5.5ಕ್ಕೆ 2018ರ ಕೊನೆಯಿಂದ ಭದ್ರತಾ ತಿದ್ದುಪಡಿಗಳು ಬರುತ್ತಿಲ್ಲ. ಸದ್ದು ಮಾಡುತ್ತಿರುವ ಹಾರ್ಡ್ ಡಿಸ್ಕಿನ ಮೇಲೆ ಇಂಟರ್‌ನೆಟ್ ಜೋಡಿಸಿದ ಆ ಜೋಡಿಯನ್ನು ಮತ್ತೆ ನಡೆಸುವಂತೆ ನಾನು ಯಾರಿಗೂ ಹೇಳಲಾರೆ. ಹಳೆಯ ಬಾಕಿ ನೋಡಲು, ಚೀಟಿ ಮುದ್ರಿಸಲು ಕೆಲವು ದಿನ ಬೇಕಾದರೆ ನೆಟ್ ತಂತಿ ಕಳಚಿ ಓದಲು ಮಾತ್ರ ಬಳಸಿ, ಹೊಸ ನಮೂದು ಅದರಲ್ಲಿ ಬೇಡ.

ಹೊಸ ಡ್ರೈವರಿಗೆ ಸಂಪರ್ಕದ ಸಂಕೇತ ಲ್ಯಾಟಿನ್1 ಎಂದು ಒಂದು ಸಾಲಿನಲ್ಲಿ ಹೇಳಿಬಿಡುವುದು ಎರಡನೆಯದು. ಆ ಕ್ಷಣವೇ ಹಳೆಯ ಹೆಸರುಗಳು ಸರಿ ಕಾಣುತ್ತವೆ, ಆದ್ದರಿಂದಲೇ ಇದು ಮನಸ್ಸನ್ನು ಸೆಳೆಯುತ್ತದೆ. ಅದರೊಂದಿಗೆ ಈ 12 ದಿನಗಳ ಸರಿಯಾದ ಹೆಸರುಗಳು ಪ್ರಶ್ನೆ ಚಿಹ್ನೆಗಳ ಸಾಲುಗಳಾಗಿ ಕಾಣತೊಡಗುತ್ತವೆ, ಏಕೆಂದರೆ ಲ್ಯಾಟಿನ್1ರಲ್ಲಿ ಕನ್ನಡವೇ ಇಲ್ಲ. ಆ ಪ್ರಶ್ನೆ ಚಿಹ್ನೆಗಳಿರುವ ಪುಟವನ್ನು ಗುಮಾಸ್ತರು ತೆರೆದು, ತೂಕ ತಿದ್ದಿ, ಸೇವ್ ಒತ್ತಿದರೆ ಪ್ರಶ್ನೆ ಚಿಹ್ನೆಗಳೇ ಟೇಬಲ್ಲಿಗೆ ಹೋಗಿ ಹೆಸರು ಶಾಶ್ವತವಾಗಿ ಅಳಿಯುತ್ತದೆ. ಗಂಗಾವತಿಯ ತೊಂದರೆಯೂ ಉಳಿಯುತ್ತದೆ, 5.5 ಸದ್ದಿಲ್ಲದೆ ಕತ್ತರಿಸುತ್ತಿದ್ದುದನ್ನು 8.0 ತನ್ನ ಕಟ್ಟುನಿಟ್ಟಿನ ಕ್ರಮದಲ್ಲಿ ನಿರಾಕರಿಸುವುದರಿಂದ ಚೀಟಿಯೇ ಸೇವ್ ಆಗದೆ ಲಾರಿ ಕಾಟಾದ ಮೇಲೆ ನಿಲ್ಲುತ್ತದೆ. ಡ್ರೈವರ್ ಬದಲಾದ ದಿನವೇ ಗುರುತಿಸಿದ್ದರೆ ಒಂದೆರಡು ದಿನದ ತಾತ್ಕಾಲಿಕ ಆಸರೆಯಾಗಿ ಇದನ್ನು ಒಪ್ಪುತ್ತಿದ್ದೆ. ಈಗ ಎರಡು ಬಗೆಯ ಸಾಲುಗಳು ಬೆರೆತಿರುವುದರಿಂದ ಬೇಡ.

ಉಳಿಯುವುದು ಹಳೆಯ ಸಾಲುಗಳನ್ನು ಒಮ್ಮೆಗೇ, ಶಾಶ್ವತವಾಗಿ ತಿದ್ದುವ ದಾರಿ. ನಾನು ಸಲಹೆ ಮಾಡುವುದು ಇದನ್ನೇ, ಅಪಾಯವೂ ಇದರಲ್ಲೇ ಹೆಚ್ಚು, ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತೇನೆ.

ತಿದ್ದುವ ಸೂತ್ರ ಸುತ್ತಿದ್ದನ್ನು ಬಿಚ್ಚುವುದಷ್ಟೇ. ಕಾಲಂನ ಪಠ್ಯವನ್ನು ಕನ್ವರ್ಟ್ ಫಂಕ್ಷನ್‌ನಿಂದ ಲ್ಯಾಟಿನ್1ಕ್ಕೆ ತರಬೇಕು, ಫಲಿತಾಂಶವನ್ನು ಕಾಸ್ಟ್‌ನಿಂದ ಬೈನರಿ ಎಂದು ಹೇಳಿ ಸಂಕೇತದ ಹಣೆಪಟ್ಟಿ ಕೀಳಬೇಕು, ಆ ಬೈಟುಗಳನ್ನು ಮತ್ತೆ ಕನ್ವರ್ಟ್‌ನಿಂದ ಯುಟಿಎಫ್8ಎಂಬಿ4 ಎಂದು ಓದಿಸಬೇಕು. ಈಗಾಗಲೇ ಸರಿಯಿರುವ ಸಾಲಿನ ಮೇಲೆ ಇದೇ ಸೂತ್ರ ನಡೆದರೆ ಮೊದಲ ಹೆಜ್ಜೆಯಲ್ಲೇ ಪ್ರತಿ ಕನ್ನಡ ಸಂಕೇತವೂ ಪ್ರಶ್ನೆ ಚಿಹ್ನೆಯಾಗುತ್ತದೆ, ಅಲ್ಲಿಂದ ಮರಳುವ ದಾರಿ ಇಲ್ಲ. ರಾಯಚೂರಿನ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಇದೇ ಆಗಿತ್ತು. ಸೂತ್ರ ನಡೆಸಿದವರು ಅರ್ಧದಲ್ಲಿ ವಿದ್ಯುತ್ ಹೋಯಿತೆಂದು ಮತ್ತೊಮ್ಮೆ ನಡೆಸಿದರು, ಮೊದಲ ಬಾರಿಗೇ ಸರಿಯಾಗಿದ್ದ ಹೆಸರುಗಳೆಲ್ಲ ಎರಡನೇ ಬಾರಿಗೆ ಅಳಿದವು. ನನ್ನನ್ನು ಕರೆಸುವ ಹೊತ್ತಿಗೆ ಮಾಡಲು ಉಳಿದಿದ್ದ ಕೆಲಸವೆಂದರೆ ಗೋಣಿ ಚೀಲದಲ್ಲಿ ಕಟ್ಟಿಟ್ಟಿದ್ದ ಚೀಟಿಗಳನ್ನು ಬಿಡಿಸಿ, ಓದಿ, ಟೈಪು ಮಾಡುವುದು. ಮೂವರು ಕೂತು ಅದನ್ನು ಮುಗಿಸಲು ವಾರಗಳೇ ಹಿಡಿದವು, ಶಾಯಿ ಮಾಸಿದ ಚೀಟಿಗಳ ಹೆಸರುಗಳು ಸಿಗಲೇ ಇಲ್ಲ.

ಆದ್ದರಿಂದ ಸೂತ್ರಕ್ಕೆ ಕಾವಲು ಬೇಕು. ಡೇಟಾಬೇಸಿನ ಪೂರ್ಣ ನಕಲನ್ನು ಎರಡು ಬೇರೆ ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಬೇರೊಂದು ಕಂಪ್ಯೂಟರಿನಲ್ಲಿ ತುಂಬಿ, ಮೊದಲ ಪ್ರಯೋಗವನ್ನು ಅಲ್ಲೇ ಮಾಡಿ. ಹೆಸರಿನ ಕಾಲಂ ಮೇಲೆಯೇ ಬರೆಯದೆ, ಪಕ್ಕದಲ್ಲಿ ಹೊಸದೊಂದು ಕಾಲಂ ಸೇರಿಸಿ ಫಲಿತಾಂಶವನ್ನು ಅದರಲ್ಲಿ ಬರೆಯಿಸಿ, ಹಳೆಯದನ್ನು ಕನಿಷ್ಠ ಒಂದು ಸುಗ್ಗಿ ಮುಗಿಯುವವರೆಗೆ ಮುಟ್ಟಬೇಡಿ. ಹೆಕ್ಸ್ ರೂಪದಲ್ಲಿ ಸಿ3ಎ0ಸಿ2ಬಿ2 ಅಥವಾ ಸಿ3ಎ0ಸಿ2ಬಿ3 ಎಂಬ ಸರಣಿ ಇರುವ ಸಾಲುಗಳಿಗೆ ಮಾತ್ರ ಸೂತ್ರ ಅನ್ವಯವಾಗುವಂತೆ ಷರತ್ತು ಹಾಕಿ. ಎರಡು ಬಾರಿ ಸುತ್ತಿದ ಕನ್ನಡದಲ್ಲಿ ಈ ಸರಣಿ ಇದ್ದೇ ಇರುತ್ತದೆ, ಸರಿಯಾದ ಕನ್ನಡದಲ್ಲಿ ಇರುವುದಿಲ್ಲ, ಹಾಗಾಗಿ ಆದೇಶ ಎರಡು ಬಾರಿ ನಡೆದರೂ ಹೊಸ ಹೆಸರುಗಳಿಗೆ ಧಕ್ಕೆಯಿಲ್ಲ. ಉಳಿದ ಸಾಲುಗಳ ಹೆಸರನ್ನು ಹೊಸ ಕಾಲಂಗೆ ಹಾಗೆಯೇ ನಕಲಿಸಿ.

ಈ ತಿದ್ದುಪಡಿಯನ್ನು ಹೊರಗಿನ ಸ್ಕ್ರಿಪ್ಟಿನಲ್ಲಿ ಅಥವಾ ಎಕ್ಸೆಲ್‌ನಲ್ಲಿ ಮಾಡಲು ಹೋಗಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ, ಕಾರಣ ಕನ್ನಡಕ್ಕೆ ಸಂಬಂಧಿಸಿದ್ದೇ ಆಗಿದೆ. ಮೈಎಸ್‌ಕ್ಯೂಎಲ್ ಲ್ಯಾಟಿನ್1 ಎಂದು ಕರೆಯುವುದು ವಾಸ್ತವದಲ್ಲಿ ವಿಂಡೋಸ್‌ನ 1252ನೇ ಸಂಕೇತಪುಟ. ಆ ಪುಟದಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಬೈಟುಗಳಿಗೆ ಅಕ್ಷರವೇ ಇಲ್ಲ. ಮೈಎಸ್‌ಕ್ಯೂಎಲ್ ಆ ಐದು ಖಾಲಿ ಜಾಗಗಳಿಗೂ ನಿಯಂತ್ರಣ ಸಂಕೇತಗಳನ್ನು ತುಂಬಿ ಹೋಗುವಾಗ, ಬರುವಾಗ ಒಂದೂ ಕಳೆಯದಂತೆ ನೋಡಿಕೊಳ್ಳುತ್ತದೆ. ಪೈಥಾನ್‌ನಂಥ ಭಾಷೆಗಳ 1252 ಪರಿವರ್ತಕ ಹಾಗೆ ಮಾಡದೆ ದೋಷವೆಂದು ನಿಲ್ಲುತ್ತದೆ, ದೋಷವನ್ನು ಕಡೆಗಣಿಸಲು ಹೇಳಿದರೆ ಆ ಬೈಟನ್ನು ಬಿಟ್ಟುಬಿಡುತ್ತದೆ. ನಮ್ಮ ವಿರಾಮ ಚಿಹ್ನೆಯ, ಅಂದರೆ ಒತ್ತಕ್ಷರಗಳನ್ನು ಕೂಡಿಸುವ ಆ ಸಂಕೇತದ ಬೈಟುಗಳು ಇ0 ಬಿ3 8ಡಿ. ಕೊನೆಯ ಬೈಟು ಆ ಐದರಲ್ಲಿ ಒಂದು. ಏ, ಐ, ಝ ಅಕ್ಷರಗಳ ಕೊನೆಯ ಬೈಟುಗಳೂ ಅಲ್ಲೇ ಬೀಳುತ್ತವೆ. ಹೊರಗಿನ ಪರಿವರ್ತಕದಲ್ಲಿ ಕಾರಟಗಿ ಚೆನ್ನಾಗಿಯೇ ಬರುತ್ತದೆ, ಕೊಪ್ಪಳ, ಬಳ್ಳಾರಿ, ಯಲಬುರ್ಗಾ ಒಡೆಯುತ್ತವೆ. ಒತ್ತಕ್ಷರವಿಲ್ಲದ ನಾಲ್ಕು ಹೆಸರುಗಳನ್ನು ನೋಡಿ ಎಲ್ಲ ಸರಿಯಾಯಿತೆಂದು ತಿಳಿಯುವ ಅಪಾಯ ಇಲ್ಲಿದೆ. ನಿಮ್ಮ ಪರೀಕ್ಷೆಯ ಪಟ್ಟಿಯಲ್ಲಿ ಒತ್ತಕ್ಷರದ ಊರುಗಳು ಇರಲೇಬೇಕು.

ತುಂಡಾದ ಸಾಲುಗಳು ಬೇರೆಯೇ ಲೆಕ್ಕ. ಉದುರಿದ ಬೈಟುಗಳನ್ನು ಯಾವ ಸೂತ್ರವೂ ತಂದುಕೊಡುವುದಿಲ್ಲ, ಮೇಲಾಗಿ ಅಪೂರ್ಣ ಬೈಟಿನಲ್ಲಿ ಮುಗಿಯುವ ಸಾಲು ಬಂದಾಗ ಆದೇಶವೇ ನಿಲ್ಲಬಹುದು ಅಥವಾ ಆ ಸಾಲಿನ ಫಲಿತಾಂಶ ಖಾಲಿಯಾಗಬಹುದು. ಎಣಿಕೆ ಕಾಲಂನ ಅಗಲಕ್ಕೆ ಸರಿಯಾಗಿ ಮುಟ್ಟಿರುವ ಸಾಲುಗಳನ್ನು, ಅಂದರೆ ಊರಿನಲ್ಲಿ 20, ಹೆಸರಿನಲ್ಲಿ ಅದರ ಅಗಲ ಎಷ್ಟೋ ಅಷ್ಟು ಇರುವವನ್ನು ಮೊದಲೇ ಬೇರೆ ಪಟ್ಟಿ ಮಾಡಿ ಸೂತ್ರದಿಂದ ಹೊರಗಿಡಿ.

ಪ್ರಯೋಗದ ಯಂತ್ರದಲ್ಲಿ ಇದೆಲ್ಲ ಮುಗಿದ ಮೇಲೆ ಬೇರೆ ಬೇರೆ ವರ್ಷಗಳ ನೂರಿನ್ನೂರು ಹೆಸರುಗಳನ್ನು ಕಾಗದದ ಮೇಲೆ ಮುದ್ರಿಸಿ, ಕಾಟಾದಲ್ಲಿ ಕೂರುವ ಹಳೆಯ ಗುಮಾಸ್ತರಿಗೆ ಓದಲು ಕೊಡಿ. ರೈತರ ಹೆಸರು, ಮನೆತನ, ಊರು ಬಲ್ಲ ಅವರ ಕಣ್ಣಿಗೆ ಬೀಳುವ ತಪ್ಪು ನನ್ನ ಕಣ್ಣಿಗೂ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಬಳಿಕ ಮಿಲ್ಲಿನ ಯಂತ್ರದಲ್ಲಿ ಅದೇ ಆದೇಶಗಳನ್ನು ಅದೇ ಕ್ರಮದಲ್ಲಿ ನಡೆಸಿ, ಪ್ರೋಗ್ರಾಂ ಹೊಸ ಕಾಲಂ ಓದುವಂತೆ ಮಾಡಿ. ಸಂಪರ್ಕ ತೆರೆದ ತಕ್ಷಣ ಸಂಕೇತ ಯುಟಿಎಫ್8ಎಂಬಿ4 ಎಂದು ಡ್ರೈವರಿನ ಸೆಟ್ ಕ್ಯಾರ್‌ಸೆಟ್ ಮೂಲಕ ಸ್ಪಷ್ಟವಾಗಿ ಹೇಳುವ ಸಾಲನ್ನು ಸೇರಿಸಿ, ಪೂರ್ವನಿಯೋಜಿತ ಆಯ್ಕೆ ಈಗ ಅದೇ ಆಗಿದ್ದರೂ ಸಹ.

ಉಳಿದ ತೊಂದರೆಗಳು ಕನ್ನಡಕ್ಕೆ ಸಂಬಂಧಿಸಿದವಲ್ಲ, ಅದೇ ದಿನ ಬಂದದ್ದರಿಂದ ಒಂದೇ ಕಾಯಿಲೆಯಂತೆ ತೋರಿವೆ. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯೂಎಲ್‌ಐ ಡ್ರೈವರ್ ದೋಷ ಬಂದಾಗ ಸುಮ್ಮನೆ ಸೋತೆನೆಂದು ತಿಳಿಸುವ ಬದಲು ಎಕ್ಸೆಪ್ಶನ್ ಎಸೆಯುತ್ತದೆ, ಹಿಡಿಯುವವರಿಲ್ಲದಿದ್ದರೆ ಪುಟ ಅಲ್ಲಿಗೇ ನಿಂತು, ದೋಷ ತೋರಿಸುವುದು ಬಂದ್ ಆಗಿದ್ದಲ್ಲಿ ಬಿಳಿಯಾಗಿ ಉಳಿಯುತ್ತದೆ. ಈ ನಡವಳಿಕೆಯನ್ನು ಒಂದು ಸಾಲಿನಲ್ಲಿ ಹಳೆಯ ರೀತಿಗೆ ತಿರುಗಿಸಬಹುದು, ಆದರೆ ಹಾಗೆ ಮಾಡಬೇಡಿ. ಹದಿಮೂರು ವರ್ಷ ದೋಷ ಕಾಣದೆ ಇದ್ದುದರಿಂದಲೇ ಗಂಗಾವತಿ ತುಂಡಾಗುತ್ತ ಬಂದಿತು. ಪಿಎಚ್‌ಪಿಯ ದೋಷದ ಲಾಗ್ ಫೈಲ್ ತೆರೆದರೆ ಕೂಲಿ ಪಟ್ಟಿ ಯಾವ ಸಾಲಿನಲ್ಲಿ ನಿಂತಿತೆಂದು ಬರೆದಿರುತ್ತದೆ. ಹಮಾಲರ ಗ್ಯಾಂಗುಗಳ ಟೇಬಲ್ಲಿಗೆ ಗ್ರೂಪ್ಸ್ ಎಂದು ಹೆಸರಿಟ್ಟಿದ್ದಾರೆಯೇ ನೋಡಿ. 8.0ರಲ್ಲಿ ಗ್ರೂಪ್ಸ್, ರ‍್ಯಾಂಕ್, ಸಿಸ್ಟಂ ಮೊದಲಾದ ಪದಗಳು ಮೀಸಲು ಪದಗಳಾದವು, ಆ ಹೆಸರಿನ ಟೇಬಲ್ಲನ್ನು ಬ್ಯಾಕ್‌ಟಿಕ್ ಎಂಬ ಹಿಂದುಮುಂದಾದ ಉದ್ಧರಣ ಚಿಹ್ನೆಯೊಳಗೆ (`) ಬರೆಯಬೇಕು ಅಥವಾ ಹೆಸರನ್ನೇ ಬದಲಿಸಬೇಕು. ನಾನಾದರೆ ಹೆಸರು ಬದಲಿಸುತ್ತೇನೆ.

ಲಾರಿಯ ಮೊದಲ ತೂಕ ಸೇವ್ ಆಗದಿರುವುದಕ್ಕೆ ಕಾರಣ ಬಹುಶಃ ಹೊರಹೋದ ಸಮಯದ ಕಾಲಂ. ತುಂಬಿದ ಗಾಡಿ ಇನ್ನೂ ಒಳಗಿರುವಾಗ ಆ ಜಾಗಕ್ಕೆ ಹಳೆಯ ಕೋಡ್ ಖಾಲಿ ಪಠ್ಯ ಕಳಿಸುತ್ತಿತ್ತು, 5.5 ಅದನ್ನು ಎಲ್ಲ ಸೊನ್ನೆಗಳ ದಿನಾಂಕವಾಗಿ ಬರೆದುಕೊಳ್ಳುತ್ತಿತ್ತು, 5.7ರಿಂದೀಚೆಗೆ ಕಟ್ಟುನಿಟ್ಟಿನ ಕ್ರಮವೇ ರೂಢಿಯಾದ್ದರಿಂದ 8.0 ನಿರಾಕರಿಸುತ್ತದೆ. ಆ ಕಾಲಂ ನಲ್ ಮೌಲ್ಯ, ಅಂದರೆ ಇನ್ನೂ ಏನೂ ಇಲ್ಲವೆಂಬ ಗುರುತನ್ನು, ಒಪ್ಪುವಂತೆ ಮಾಡಿ, ಕೋಡ್ ನಲ್ ಕಳಿಸಲಿ. ಹಳೆಯ ಸೊನ್ನೆ ದಿನಾಂಕಗಳನ್ನೂ ನಲ್ ಮಾಡಬೇಕು, ಅವು ಉಳಿದಿದ್ದರೆ ಟೇಬಲ್ಲಿನ ರಚನೆ ಬದಲಿಸುವ ಕೆಲವು ಆದೇಶಗಳೂ ನಡೆಯುವುದಿಲ್ಲ. ಆ ಒಂದು ಕೆಲಸಕ್ಕಾಗಿ, ಆ ಒಂದು ಸೆಶನ್‌ಗೆ ಮಾತ್ರ ಎಸ್‌ಕ್ಯೂಎಲ್ ಮೋಡ್ (ಈ ಕಟ್ಟುನಿಟ್ಟನ್ನು ನಿರ್ಧರಿಸುವ ಸೆಟ್ಟಿಂಗ್) ಸಡಿಲಿಸಿ. ಸರ್ವರಿಗೇ ಶಾಶ್ವತವಾಗಿ ಸಡಿಲಿಸಿದರೆ ಸದ್ದಿಲ್ಲದೆ ಕತ್ತರಿಸುವ ಹಳೆಯ ಚಾಳಿಯೂ ಮರಳುತ್ತದೆ. ಊರುವಾರು ಪಟ್ಟಿಯ ಕ್ರಮ ತಪ್ಪಿದ್ದು ಸಣ್ಣ ವಿಷಯ. ಗ್ರೂಪ್ ಬೈ ಬಳಸಿದರೆ ತಾನೇ ಅನುಕ್ರಮದಲ್ಲಿ ಕೊಡುವ ರೂಢಿಯನ್ನು 8.0 ಬಿಟ್ಟಿದೆ, ಆರ್ಡರ್ ಬೈ ಸೇರಿಸಿದರೆ ಮುಗಿಯಿತು. ಟೇಬಲ್ಲುಗಳನ್ನು ಯುಟಿಎಫ್8ಎಂಬಿ4ಕ್ಕೆ ತರುವಾಗ ಎಲ್ಲಕ್ಕೂ ಒಂದೇ ಕೊಲೇಶನ್ (ಪಠ್ಯಗಳನ್ನು ಹೋಲಿಸುವ, ಅನುಕ್ರಮದಲ್ಲಿಡುವ ನಿಯಮ) ಇರಲಿ, ಇಲ್ಲವಾದರೆ ಎರಡು ಟೇಬಲ್ಲುಗಳನ್ನು ಜೋಡಿಸುವಾಗ ತಕರಾರು ಬರುತ್ತದೆ. 8.0ರ ಹೊಸ ಕೊಲೇಶನ್ ಹೆಸರಿನ ಕೊನೆಯ ಖಾಲಿ ಜಾಗವನ್ನೂ ಅಕ್ಷರವೆಂದೇ ಎಣಿಸುವುದರಿಂದ, ಕೊನೆಗೆ ಸ್ಪೇಸ್ ಒತ್ತಿ ಬರೆದ ರೈತ ಬೇರೆ, ಒತ್ತದೆ ಬರೆದ ಅದೇ ರೈತ ಬೇರೆ ಆಗುತ್ತಾನೆ. ಟ್ರಿಮ್ ನಡೆಸಿ ಅವನ್ನು ಮೊದಲೇ ತೆಗೆದುಬಿಡಿ.

ಇಂಡಿಕೇಟರ್ ಓದುವ ಸಣ್ಣ ಪ್ರೋಗ್ರಾಂ ತನ್ನದೇ ಆದ ಒಡಿಬಿಸಿ ಡ್ರೈವರ್ (ವಿಂಡೋಸ್ ಪ್ರೋಗ್ರಾಂಗಳನ್ನು ಡೇಟಾಬೇಸಿಗೆ ಜೋಡಿಸುವ ದುಭಾಷಿ) ಮೂಲಕ ಅದೇ ಡೇಟಾಬೇಸಿಗೆ ಬರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. 8.0ರಲ್ಲಿ ಹೊಸ ಬಳಕೆದಾರರ ಪಾಸ್‌ವರ್ಡ್ ಪರಿಶೀಲನೆಯ ವಿಧಾನ ಬದಲಾಗಿದೆ, ಪಿಎಚ್‌ಪಿ 7.4ರಿಂದೀಚಿನ ಡ್ರೈವರ್ ಅದನ್ನು ಬಲ್ಲದು, ಹಳೆಯ ಒಡಿಬಿಸಿ ಡ್ರೈವರ್ ಅರಿಯದೆ ಬಾಗಿಲಲ್ಲೇ ನಿಲ್ಲುತ್ತದೆ. ಆ ಬಳಕೆದಾರನಿಗೆ ಮಾತ್ರ ಹಳೆಯ ವಿಧಾನ ಕೊಟ್ಟರೆ 8.0ರಲ್ಲಿ ನಡೆಯುತ್ತದೆ, ಆದರೆ 8.4ರಲ್ಲಿ ಆ ವಿಧಾನ ಮೊದಲಿಗೇ ಬಂದ್ ಆಗಿರುತ್ತದೆ, 9.0ರಲ್ಲಿ ಅದು ಇಲ್ಲವೇ ಇಲ್ಲ. ಹೊಸ ಒಡಿಬಿಸಿ ಡ್ರೈವರ್ ಹಾಕುವುದೇ ಸರಿ. ಹಾಕುವಾಗ ಯೂನಿಕೋಡ್ ಮತ್ತು ಆನ್ಸಿ ಎಂಬ ಎರಡು ಹೆಸರು ಕಾಣುತ್ತವೆ, ಯೂನಿಕೋಡ್ ಆರಿಸಿ, ಇಲ್ಲವಾದರೆ ಲ್ಯಾಟಿನ್1ರ ಕಥೆ ಆ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಆ ಕಾಲದ ಪ್ರೋಗ್ರಾಂ 32 ಬಿಟ್ಟಿನದಾಗಿರುವ ಸಾಧ್ಯತೆ ಹೆಚ್ಚು. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಹೊಂದಿಸುವ ಕಿಟಕಿಗಳು ಎರಡಿದ್ದು, 32 ಬಿಟ್ಟಿನದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿಯೂ 64 ಬಿಟ್ಟಿನದು ಸಿಸ್ಟಂ32ರಲ್ಲಿಯೂ ಇವೆ. ಹೆಸರನ್ನು ನಂಬಿ ತೆರೆದರೆ ತಪ್ಪು ಕಿಟಕಿ ತೆರೆಯುತ್ತದೆ, ಅಲ್ಲಿ ಮಾಡಿದ ಹೊಂದಿಕೆ ನಿಮ್ಮ ಪ್ರೋಗ್ರಾಂಗೆ ಕಾಣುವುದೇ ಇಲ್ಲ.

ಈ ಕೆಲಸಕ್ಕೆ ಭತ್ತದ ಗಾಡಿಗಳು ಸಾಲುಗಟ್ಟುವ ಮುನ್ನ ಎರಡು ಬಿಡುವಿನ ದಿನಗಳನ್ನು ಆರಿಸಿಕೊಳ್ಳಿ, ಆ ಎರಡು ದಿನ ಚೀಟಿಗಳನ್ನು ಕೈಯಲ್ಲೇ ಬರೆಯಿರಿ. ತುಂಡಾದ ಹೆಸರುಗಳ ಪಟ್ಟಿಯಲ್ಲಿ ಊರುಗಳ ಭಾಗ ಕಷ್ಟವಲ್ಲ, ನಿಮ್ಮ ಮಿಲ್ಲಿಗೆ ಭತ್ತ ಬರುವ ಊರುಗಳು ಬೆರಳೆಣಿಕೆಯವಲ್ಲದಿದ್ದರೂ ಒಂದು ಪುಟ ಮೀರುವುದಿಲ್ಲ, "ಗಂಗಾವತ" ಎಂದಿರುವ ಸಾಲುಗಳನ್ನೆಲ್ಲ ಒಂದೇ ಆದೇಶದಲ್ಲಿ ಗಂಗಾವತಿ ಮಾಡಬಹುದು. ರೈತರ ಹೆಸರುಗಳನ್ನು ಮಾತ್ರ ಊಹಿಸಿ ತುಂಬಬೇಡಿ. "ಮಲ್ಲಿಕಾರ್ಜುನ" ಎಂಬಲ್ಲಿಗೆ ತುಂಡಾದ ಹೆಸರಿನ ಮುಂದೆ ಗೌಡ ಇತ್ತೋ, ಸ್ವಾಮಿ ಇತ್ತೋ, ಅಪ್ಪ ಇತ್ತೋ ಎಂಬುದನ್ನು ಹಳೆಯ ಚೀಟಿಯಿಂದ ಅಥವಾ ಮುಂದಿನ ಬಾರಿ ಆ ರೈತರು ಗಾಡಿ ತಂದಾಗ ಅವರ ಪಾಸ್‌ಬುಕ್ಕಿನಿಂದ ನೋಡಿಯೇ ಬರೆಯಿರಿ, ಅಲ್ಲಿಯವರೆಗೆ ಆ ಸಾಲಿನಲ್ಲಿ ಹೆಸರು ಅಪೂರ್ಣ ಎಂಬ ಗುರುತು ಇರಲಿ.